ಕವಳಿಹಾಳದ ಪಾವಟಿಗೆ ಬಾವಿಯನ್ನು ಮತ್ತೆ ತೆರೆಸಿದವರಿಗೆ

ಮಾನ್ಯ ಜಿಲ್ಲಾಧಿಕಾರಿಗಳೇ,

ನನ್ನ ಅಕ್ಕನ ಸಾವಿಗೆ ನೀವು ಕಾರಣ. ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಎರಡನೆಯ ಸಾಲಿನವರೆಗೆ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲವೆಂಬುದನ್ನು ಅನುಭವದಿಂದ ಬಲ್ಲೆ. ಯಾರಾದರೂ ಓದುತ್ತ ಮುಂದೆ ಬಂದರೆ, ಉಳಿದದ್ದನ್ನೂ ಹೇಳುತ್ತೇನೆ.

ನಾನು ಇಳಕಲ್ಲಿನಲ್ಲಿ ಒಂದು ಸಣ್ಣ ಮುದ್ರಣಾಲಯ ಇಟ್ಟುಕೊಂಡವನು. ಲಗ್ನಪತ್ರಿಕೆ, ಸೀರೆ ಅಂಗಡಿಯವರ ಜಾಹೀರಾತು, ಚುನಾವಣೆ ಬಂದಾಗ ಎಲ್ಲ ಪಕ್ಷಗಳ ಸುಳ್ಳುಗಳು, ಇವೇ ನನ್ನ ಕಸುಬು. ನನ್ನ ಅಕ್ಕನ ಹೆಸರು ಗುರುಲಿಂಗವ್ವ. ಅವ್ವ ತೀರಿಕೊಂಡ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬೆನ್ನಿಗೆ ಗುದ್ದಿ, ಸಾಲೆಗೆ ಕಳಿಸಿದವಳು ಅವಳೇ. ಹುನಗುಂದ ತಾಲೂಕಿನ ಕವಳಿಹಾಳಕ್ಕೆ, ನೇಕಾರ ರಾಚಪ್ಪನಿಗೆ ಕೊಟ್ಟಿದ್ದೆವು. ಗಂಡ ಹೆಂಡತಿ ಇಬ್ಬರೂ ಒಂದೇ ಮಗ್ಗದಲ್ಲಿ ಸರದಿಯ ಮೇಲೆ ಕೂತು ನೇಯುತ್ತಿದ್ದರು. ಅಕ್ಕನ ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವಳು ಊರಬಾಗಿಲಲ್ಲಿ ನಿಂತು ಕೈ ಎತ್ತಿದರೆ, ನಿಲ್ಲಿಸಬೇಕೋ ಬೇಡವೋ ಎಂದು ಯೋಚಿಸುವ ಧೈರ್ಯ ಬಸ್ಸಿನ ಡ್ರೈವರನಿಗೆ ಇರುತ್ತಿರಲಿಲ್ಲ. ಅಂಥ ಹೆಂಗಸನ್ನು ನೀವು ಒಂದು ನೂಲಿನಂಥ ಹುಳದ ಕೈಯಿಂದ ಕೊಲ್ಲಿಸಿದಿರಿ.

ಕವಳಿಹಾಳಕ್ಕೆ ಕುಡಿಯುವ ನೀರು ಒಂದೇ ಕಡೆ. ಅದು ಹಳೆಯ ಪಾವಟಿಗೆ ಬಾವಿ. ನಾಲ್ಕೂ ಕಡೆ ಕಲ್ಲು ಕಟ್ಟಿದ, ಮೆಟ್ಟಿಲು ಇಳಿದು ನೀರಿನೊಳಗೇ ಕಾಲಿಟ್ಟು ಕೊಡ ತುಂಬಬೇಕಾದ ಬಾವಿ. ನೋಡಲು ಬಲು ಚೆಂದ. ಆ ಊರಿನಲ್ಲಿ ಬೇಸಿಗೆ ಬಂದರೆ ಮನೆಗೊಬ್ಬರಿಗಾದರೂ ನಾರುಹುಣ್ಣು ಏಳುತ್ತಿತ್ತು. ನಿಮ್ಮ ಬಂಗಲೆಯವರಿಗೆ ಅದು ಗೊತ್ತಿರಲಾರದು, ಹೇಳುತ್ತೇನೆ. ಮೊದಲು ಕಾಲಿನಲ್ಲಿ ಒಂದು ಬೊಬ್ಬೆ. ಕೆಂಡ ಇಟ್ಟಂತೆ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿಯ ಹುಳದ ತುದಿ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿದರೆ ಹುಳ ಒಳಗೇ ಹರಿದು, ಕಾಲು ಬಾತು, ಕೀವಾಗುತ್ತದೆ. ಅಕ್ಕನ ನೆರೆಮನೆಯ ಮಾಯವ್ವ ಎಂಬ ಕುರುಬರ ಹೆಣ್ಣುಮಗಳು, ಎದೆಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು, ಎರಡೂ ಕಾಲಿಗೆ ಕಡ್ಡಿ ಕಟ್ಟಿಕೊಂಡು, ಅಂಗಳದಲ್ಲಿ ತೆವಳಿ ರೊಟ್ಟಿ ಬಡಿಯುವುದನ್ನು ನಾನೇ ನೋಡಿದ್ದೇನೆ. ಊರಿನವರು ಅದನ್ನು ದೇವರ ಸಿಟ್ಟು ಎಂದುಕೊಂಡಿದ್ದರು. ದೇವರಿಗೂ ಅರ್ಜಿಗೆ ಉತ್ತರ ಕೊಡುವ ಕೆಟ್ಟ ಅಭ್ಯಾಸ ಇಲ್ಲ. ಆ ಮಟ್ಟಿಗೆ ನೀವೂ ದೇವರೇ.

ಎಂಬತ್ತಮೂರರ ಬೇಸಿಗೆಯಲ್ಲಿ ಒಬ್ಬ ತರುಣ ಡಾಕ್ಟರು ಜೀಪಿನಲ್ಲಿ ಆ ಊರಿಗೆ ಬಂದರು. ಬಾವಿಯ ದಂಡೆಯ ಮೇಲೆ ಹೆಂಗಸರನ್ನು ಕೂಡಿಸಿ, ನಾರು ಎದ್ದ ಕಾಲನ್ನು ನೀರಿಗೆ ಇಟ್ಟಾಗ ಹುಳ ತನ್ನ ಮರಿಗಳನ್ನು ಬಿಡುತ್ತದೆ, ಆ ನೀರು ಕುಡಿದವರ ಹೊಟ್ಟೆಗೆ ಅವು ಹೋಗುತ್ತವೆ, ಒಂದು ವರ್ಷಕ್ಕೆ ಬೆಳೆದು ಕಾಲಿನಿಂದ ಹೊರಬರುತ್ತವೆ ಎಂದು ಬಿಡಿಸಿ ಹೇಳಿದರು. ಮದ್ದು ಬಲು ಸರಳ. ಮೆಟ್ಟಿಲಿನ ಬಾಯಿಗೆ ಗೋಡೆ ಕಟ್ಟಬೇಕು, ಮೇಲೆ ಗಡಗಡಿ ಹಾಕಿ ಹಗ್ಗದಿಂದ ನೀರು ಸೇದಬೇಕು. ಯಾರ ಕಾಲೂ ನೀರು ಮುಟ್ಟಬಾರದು. ಅಷ್ಟೇ. ಅಕ್ಕ ಎದ್ದು ನಿಂತು, "ಸಾಹೇಬರ, ಒಂದ ಗ್ವಾಡಿ ಕಟ್ಟಿದ್ರ ಇದು ಹೋಗ್ತದಂದ್ರ, ನಮ್ಮ ಅಜ್ಜಿ ಮುತ್ತಜ್ಜಿ ಕಾಲದಾಗ ಯಾಕ ಯಾರೂ ಹೇಳಲಿಲ್ರಿ?" ಎಂದು ಕೇಳಿದಳಂತೆ. ಮುಂದಿನ ತಿಂಗಳು ಡಾಕ್ಟರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ನಿಮ್ಮ ಸರಕಾರದಲ್ಲಿ ಚುರುಕಾಗಿ ನಡೆಯುವುದು ಅದೊಂದೇ.

ಆಮೇಲೆ ಅಕ್ಕ ಕಚೇರಿಗಳ ಮೆಟ್ಟಿಲು ಹತ್ತತೊಡಗಿದಳು. ಮಾಯವ್ವ ಮತ್ತು ಇನ್ನೊಂದಿಷ್ಟು ಹೆಂಗಸರು ಜೊತೆಗೆ. ಆರೋಗ್ಯ ಇಲಾಖೆಯವರು, ರೋಗ ನಮ್ಮದು, ಬಾವಿ ನಮ್ಮದಲ್ಲ, ಎಂಜಿನಿಯರರನ್ನು ಕೇಳಿ ಎಂದರು. ಎಂಜಿನಿಯರರು, ಬಾವಿಯ ಕಲ್ಲಿನ ಮೇಲೆ ಹಳೆಯ ಕೆತ್ತನೆ ಇದೆ, ಪ್ರಾಚೀನ ಸ್ಮಾರಕ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಕೈ ಹಚ್ಚಲಾರೆವು ಎಂದರು. ಅದಕ್ಕಾಗಿ ಅಕ್ಕ ಬಾದಾಮಿಯವರೆಗೆ ಹೋದಳು. ಅಲ್ಲಿ ಕುರ್ಚಿಯಲ್ಲಿದ್ದವರು, ಆ ಬಾವಿ ನಮ್ಮ ಪಟ್ಟಿಯಲ್ಲೇ ಇಲ್ಲ, ಇಲ್ಲದ ಬಾವಿಗೆ ಒಪ್ಪಿಗೆ ಕೊಡಲೂ ಬಾರದು, ಬೇಡವೆನ್ನಲೂ ಬಾರದು ಎಂದರು. ಕಂದಾಯದವರು ಜಾಗ ದೇವಸ್ಥಾನದ್ದು ಎಂದರು. ದೇವಸ್ಥಾನದ ಆಡಳಿತದವರು ಜಾಗ ಸರಕಾರದ್ದು ಎಂದರು. ಒಮ್ಮೆ ಹೀಗೆ ಅಲೆದು ಇಳಕಲ್ಲಿಗೆ ಬಂದ ಅಕ್ಕ, ನನ್ನ ಅಚ್ಚುಮೊಳೆಗಳ ನಡುವೆ ಕೂತು ಚಹಾ ಕುಡಿಯುತ್ತ ಹೇಳಿದಳು: "ಅಂದಾನಿ, ಆ ಹುಳಕ್ಕ ಬಾವ್ಯಾಗ ಇರಾಕ ಯಾರ ಪರವಾನಗಿ ಕೊಟ್ರೋ? ಅವರ ಹಂತ್ಯಾಕ ಹೋಗಿ ಕೇಳಿದ್ರ ಲಗೂನ ಆಗ್ತಿತ್ತು ನೋಡು." ಇಬ್ಬರೂ ನಕ್ಕೆವು. ಆಗ ನಗು ಬರುತ್ತಿತ್ತು.

ಮಾನ್ಯರೇ, ನೀವು ಅವಳನ್ನು ಕಂಡಿದ್ದೀರಿ. ಎಂಬತ್ತನಾಲ್ಕರ ಬೇಸಿಗೆಯ ಆರಂಭದಲ್ಲಿ ಕವಳಿಹಾಳದ ಸಾಲೆಯ ಮುಂದೆ ಆರೋಗ್ಯ ಸಪ್ತಾಹದ ಉದ್ಘಾಟನೆಗೆ ನೀವು ದಯಮಾಡಿಸಿದ್ದಿರಿ. ಆ ಸಪ್ತಾಹದ ಭಿತ್ತಿಪತ್ರ ಅಚ್ಚು ಹಾಕಿದವನೂ ನಾನೇ. ನಗುವ ಹೆಂಗಸು, ಹೊಳೆಯುವ ಕೊಡ, ಕೆಳಗೆ 'ನೀರನ್ನು ಕಾಯಿಸಿ, ಸೋಸಿ ಕುಡಿಯಿರಿ' ಎಂಬ ದಪ್ಪ ಅಕ್ಷರ. ನೀವು ಭಾಷಣ ಮುಗಿಸಿ ಕೂತಾಗ ಅಕ್ಕ ಬೆಳಗಿದ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು ನಿಮ್ಮ ಮುಂದೆ ಹಿಡಿದಳು. ನಾನು ಪಕ್ಕದಲ್ಲೇ ಇದ್ದೆ.

"ನೀರ ತಗೋರಿ ಸಾಹೇಬರ," ಎಂದಳು.

"ಬೇಡಮ್ಮ, ಈಗಷ್ಟೇ ಚಹಾ ಆಯಿತು," ಎಂದಿರಿ.

"ಒಂದ ಗುಟುಕು ಕುಡೀರಿ. ಊರಿಗೆ ಬಂದವರು ನೀರ ಬ್ಯಾಡಂದ್ರ ಹ್ಯಾಂಗ್ರಿ?"

ನೀವು ನಕ್ಕು ಜವಾನನ ಕಡೆ ನೋಡಿದಿರಿ. ಅವನು ಥರ್ಮಾಸಿನಿಂದ ನಿಮ್ಮ ಲೋಟಕ್ಕೆ ನೀರು ಬಗ್ಗಿಸಿದ. ಅದನ್ನು ಕುಡಿದು, ಬಾಯಿ ಒರೆಸಿಕೊಂಡು, "ನೀವೂ ಹೀಗೆ ಕಾಯಿಸಿಯೇ ಕುಡಿಯಬೇಕಮ್ಮ," ಎಂದು ಅವಳಿಗೆ ಬುದ್ಧಿ ಹೇಳಿದಿರಿ.

ಅಕ್ಕ ತಂಬಿಗೆಯನ್ನು ಕೆಳಗಿಡಲಿಲ್ಲ. "ಕಾಯಿಸಾಕ ಕಟಗಿ ಎಲ್ಲಿಂದ ತರೂನ್ರಿ? ಗುಡ್ಡದಾಗ ಒಂದ ಒಣಾ ಟೊಂಗಿ ಮುರದ್ರ ನಿಮ್ಮ ಗಾರ್ಡ ಕೊಡ್ಲಿ ಕಸಗೊಂಡು ದಂಡಾ ಹಾಕ್ತಾನ. ಒಬ್ಬ ಸಾಹೇಬ ಕಾಯಿಸ್ರಿ ಅಂತಾನ, ಇನ್ನೊಬ್ಬ ಉರಿ ಹಚ್ಚಬ್ಯಾಡ್ರಿ ಅಂತಾನ. ನೀವು ಇಬ್ಬರೂ ಒಮ್ಮೆ ಕುಂತು ಮಾತಾಡಿ ಬರ್ರಲಾ."

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಿಮ್ಮ ಮುಖ ಕೆಂಪಾಯಿತು. ಜನ ನೋಡುತ್ತಿದ್ದರು, ಪತ್ರಿಕೆಯವರೂ ಒಬ್ಬರಿದ್ದರು. ಎದ್ದು ನಿಂತು, ತಿಂಗಳೊಳಗೆ ಆ ಬಾವಿಯ ಮೆಟ್ಟಿಲು ಮುಚ್ಚಿಸಿ ಗಡಗಡಿ ಹಾಕಿಸುವುದಾಗಿ ಎಲ್ಲರ ಎದುರು ಮಾತು ಕೊಟ್ಟಿರಿ. ಚಪ್ಪಾಳೆ ಬಿತ್ತು. ಅಕ್ಕ ಕೂಡ ಚಪ್ಪಾಳೆ ತಟ್ಟಿದಳು.

ಒಂದು ಪ್ರಶ್ನೆ ಕೇಳಲೇ? ಆ ನೀರು ಕುಡಿಯಬಾರದ್ದು ಎಂಬುದು ನಿಮಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಥರ್ಮಾಸು ತಂದಿರಿ. ನಿಮ್ಮ ಒಂದು ಹೊಟ್ಟೆಗೆ ಆಗದ್ದು ಇಡೀ ಊರಿನ ಹೊಟ್ಟೆಗೆ ಹೇಗೆ ಆದೀತು ಎಂದು ನಿಮಗೆ ಅನ್ನಿಸಲಿಲ್ಲವೇ? ಅಥವಾ ಜೀಪಿನ ಧೂಳು ಇಳಿಯುವುದರೊಳಗೆ ಮರೆತಿರೋ?

ತಿಂಗಳು ಕಳೆಯಿತು, ಮಳೆಗಾಲ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಯಾರೂ ಬರಲಿಲ್ಲ. ಅಕ್ಕ ಮನೆಯಲ್ಲಿ ಬಟ್ಟೆಯಿಂದ ಸೋಸಿಯೇ ನೀರು ಕುಡಿಯುತ್ತಿದ್ದಳು. ಆದರೆ ಹೊಲಕ್ಕೆ ಹೋದಾಗ, ಕೂಸು ನೋಡಲು ಹೋದಾಗ, ಸತ್ತ ಮನೆಗೆ ಹೋದಾಗ, ಮುಂದಿಟ್ಟ ನೀರನ್ನು ಬೇಡವೆನ್ನುವ ಕಲೆ ಅವಳಿಗೆ ಬರುತ್ತಿರಲಿಲ್ಲ. ಅದನ್ನು ಕಲಿಯಲು ಜಿಲ್ಲಾಧಿಕಾರಿಯಾಗಬೇಕು. ಕಳೆದ ಬೇಸಿಗೆಯಲ್ಲಿ, ಎಂಬತ್ತೈದರ ಯುಗಾದಿ ಮುಗಿದ ಮೇಲೆ, ಅವಳ ಎಡಗಾಲಿನ ಹರಡಿನ ಹತ್ತಿರ ಬೊಬ್ಬೆ ಎದ್ದಿತು. ಹುಳ ಹೊರಬರಲು ಒಂದು ವರ್ಷ ಬೇಕೆಂದು ಡಾಕ್ಟರು ಹೇಳಿದ್ದರಲ್ಲವೇ? ಲೆಕ್ಕ ಹಾಕಿ ನೋಡಿ ಮಾನ್ಯರೇ. ಅವಳ ಕಾಲಿನಿಂದ ಹೊರಬಂದ ಹುಳಕ್ಕೂ ನೀವು ಕೊಟ್ಟ ಮಾತಿಗೂ ಒಂದೇ ವಯಸ್ಸು.

ಉರಿ ತಡೆಯಲಾರದೆ ಕಾಲನ್ನು ತಣ್ಣೀರಿನಲ್ಲಿ ಇಟ್ಟುಕೊಳ್ಳಬೇಕೆಂದು ಜೀವ ಒದ್ದಾಡುತ್ತದೆ. ಅಕ್ಕ ಬಾವಿಗೆ ಇಳಿಯಲಿಲ್ಲ. ಮೆಟ್ಟಿಲ ತಲೆಯ ಮೇಲೆ ಕುಂಟುತ್ತ ಹೋಗಿ ಕೂತು, ನೀರಿಗೆ ಬಂದ ಹೆಂಗಸರಿಗೆ, "ಇನ್ನ ಸಾಕ್ರೆವ್ವಾ. ಅವರ ಹಾದಿ ಕಾಯೂದ ಸಾಕು. ನಾವ ಕಟ್ಟೂನು," ಎಂದಳು. ಗೌಂಡಿ ಖಾದರಬಾಷಾನನ್ನು ಕರೆಸಿದರು. ಗೋಡೆ ಕಟ್ಟುವುದೇ ಅವನ ಕಸುಬು. ಕೂಲಿಯ ಮಾತು ಎತ್ತಿದರೆ, "ನನ್ನ ಹೆಂಡ್ತಿ ಕಾಲಾಗೂ ನಾರ ಎದ್ದೈತ್ರಿ ಅಕ್ಕಾರ, ಕಲ್ಲ ತರ್ರಿ ಮೊದ್ಲ," ಎಂದನಂತೆ. ರಾಚಪ್ಪ ತನ್ನ ಹಿತ್ತಲಿನ ಗೋಡೆ ಕೆಡವಿ ಕಲ್ಲು ಕೊಟ್ಟ. ಹೆಂಗಸರು ಮಣ್ಣು ಕಲಸಿದರು. ಅಮಾವಾಸ್ಯೆಯೊಳಗೆ ಮೆಟ್ಟಿಲಿನ ಬಾಯಿ ಮುಚ್ಚಿತು, ಎರಡು ಕಲ್ಲುಕಂಬ ನಿಂತವು, ಗಡಗಡಿ ತಿರುಗಿತು. ಮೊದಲ ಕೊಡ ಸೇದಿದವಳು ಮಾಯವ್ವ. ಸರಕಾರದ ಒಂದು ಬುಟ್ಟಿ ಮಣ್ಣೂ ಬಾರದೆ, ಒಂದು ಸಹಿಯೂ ಬೀಳದೆ, ಕವಳಿಹಾಳದ ಸಾರ್ವಜನಿಕ ಆರೋಗ್ಯ ಸುಧಾರಿಸಿತು.

ಇದನ್ನು ನೀವು ಸಹಿಸಲಿಲ್ಲ.

ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ವರದಿ ಕಳಿಸಿದ. ಪರಿಶೀಲನೆಯಲ್ಲಿರುವ ಪುರಾತನ ಬಾವಿಯ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸಲಾಗಿದೆ, ಅದನ್ನು ಕೂಡಲೇ ಮೊದಲಿನಂತೆ ಮಾಡತಕ್ಕದ್ದು ಎಂಬ ಆದೇಶಕ್ಕೆ ನೀವು ರುಜು ಹಾಕಿದಿರಿ. ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಕಂದಾಯದವರು ಬಂದರು. ಎಂಜಿನಿಯರರು ಹಾರೆ, ಗುದ್ದಲಿಯವರನ್ನು ಕರೆತಂದರು. ರಸ್ತೆ ಇಲಾಖೆ ಟ್ರ್ಯಾಕ್ಟರು ಕೊಟ್ಟಿತು. ಸ್ಮಾರಕದವರು ಫೋಟೋ ತೆಗೆಯಲು ಬಂದರು. ಪಟ್ಟಿಯಲ್ಲಿ ಇಲ್ಲದ ಬಾವಿ ಅಂದು ಅವರ ಕಣ್ಣಿಗೂ ಬಿತ್ತು. ಕಲ್ಲು ಬಿದ್ದು ಯಾರಿಗಾದರೂ ಗಾಯವಾದರೆ ಇರಲಿ ಎಂದು ಆರೋಗ್ಯ ಇಲಾಖೆಯ ಕಾಂಪೌಂಡರು ಪಟ್ಟಿಕಟ್ಟುವ ಡಬ್ಬಿ ಹಿಡಿದು ನಿಂತಿದ್ದ. ಪೊಲೀಸರಂತೂ ಎಲ್ಲರಿಗಿಂತ ಮೊದಲು. ಒಂದು ಗೋಡೆ ಕಟ್ಟಲು ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದ ಇಲಾಖೆಗಳೆಲ್ಲ, ಅದನ್ನು ಕೆಡವಲು ಒಂದೇ ಮುಂಜಾನೆ ಕೈ ಕೈ ಹಿಡಿದು ಬಂದವು. ಸಮನ್ವಯ ಸಾಧ್ಯವಿಲ್ಲ ಎಂದು ಇನ್ನು ಮುಂದೆ ನನ್ನ ಎದುರು ಯಾರೂ ಹೇಳಬಾರದು. ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕಾಲಿಗೆ ಕಡ್ಡಿ ಕಟ್ಟಿತ್ತು, ಹುಳ ಅರ್ಧ ಹೊರಬಂದಿತ್ತು. "ನನ್ನ ಮ್ಯಾಲ ಹಾರಿ ಹಾಕ್ರಿ, ಆಮ್ಯಾಲ ಗ್ವಾಡಿಗೆ ಹಾಕ್ರಿ," ಎಂದಳು. ಇಬ್ಬರು ಪೊಲೀಸರು ತೋಳು ಹಿಡಿದು ಎಳೆದರು. ಆ ಎಳೆತದಲ್ಲಿ ಹುಳ ಹರಿಯಿತು. ಅಕ್ಕ ಕೂಗಿದ್ದು ಊರಿಗೆಲ್ಲ ಕೇಳಿತು. ರಾಚಪ್ಪ ಓಡಿ ಬಂದು ಅವಳನ್ನು ಎತ್ತಿಕೊಂಡ. ಗಡಗಡಿಯನ್ನು ಸಾಕ್ಷಿಗೆಂದು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಖಾದರಬಾಷಾನನ್ನೂ ಅಕ್ಕನನ್ನೂ ಆರೋಪಿಗಳೆಂದು ಬರೆದುಕೊಂಡರು. ಸಾರ್ವಜನಿಕ ಆಸ್ತಿಗೆ ಹಾನಿ, ಸರಕಾರಿ ಕೆಲಸಕ್ಕೆ ಅಡ್ಡಿ. ಸಂಜೆಗೆ ಹೆಂಗಸರು ಮತ್ತೆ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರು. ಬೇರೆ ದಾರಿ ಎಲ್ಲಿತ್ತು?

ಕಾಲು ಬಾತಿತು, ಕೀವಾಯಿತು. ಹುನಗುಂದದ ಕೋರ್ಟಿನಲ್ಲಿ ತಾರೀಖು ಇದ್ದ ದಿನ ಅದೇ ಕಾಲಿನ ಮೇಲೆ ಅವಳು ನಿಂತಳು. ಮುಂದಿನ ತಾರೀಖು ಕೊಟ್ಟರು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ರೊಟ್ಟಿ ಅಗಿಯಲು ಹೋದರೆ ದವಡೆ ತೆರೆಯಲಿಲ್ಲ. "ಗಂಟಲ ಬಿಗದಂಗ ಆಗೇತಿ," ಎಂದಳಂತೆ. ಮರುದಿನ ಬೆನ್ನು ಬಿಲ್ಲಿನಂತೆ ಬಾಗತೊಡಗಿತು. ಧನುರ್ವಾಯು. ಸುದ್ದಿ ಕೇಳಿ ನಾನು ಇಳಕಲ್ಲಿನಿಂದ ಓಡಿದೆ. ಸರಕಾರಿ ದವಾಖಾನೆಗೆ ಒಯ್ದರೆ, ಅದಕ್ಕೆ ಕೊಡುವ ಸೂಜಿಮದ್ದು ಇಲ್ಲ ಎಂದರು. ಯಾಕಿಲ್ಲ ಎಂದರೆ, ಅದನ್ನು ತಣ್ಣಗಿಡುವ ಪೆಟ್ಟಿಗೆಗೆ ಕರೆಂಟು ನಿಲ್ಲುವುದಿಲ್ಲ, ಆದ್ದರಿಂದ ತರಿಸುವುದಿಲ್ಲ ಎಂದರು. ಕರೆಂಟು ಯಾಕಿಲ್ಲ ಎಂದು ಕೇಳಿದೆ. ಅದು ವಿದ್ಯುತ್ ಮಂಡಳಿಯವರನ್ನು ಕೇಳಬೇಕು ಎಂದರು. ಬಾಗಲಕೋಟೆಗೆ ಒಯ್ಯಲು ಬಾಡಿಗೆಯ ಕಾರು ಮಾಡಿದೆವು. ಆ ರಸ್ತೆಯ ಒಂದೊಂದು ತಗ್ಗಿಗೂ ಅವಳ ಮೈ ಸೆಟೆದು ಏಳುತ್ತಿತ್ತು. ಸಣ್ಣ ಸದ್ದಿಗೂ, ಬಿಸಿಲು ಮುಖಕ್ಕೆ ಬಿದ್ದರೂ ಸೆಟೆಯುತ್ತಿತ್ತು. ನಾನು ಅವಳ ಕಣ್ಣ ಮೇಲೆ ನನ್ನ ಟವೆಲು ಹಿಡಿದು ಕೂತಿದ್ದೆ. ಅವಳಿಗೆ ಕಡೆಯವರೆಗೂ ಎಚ್ಚರವಿತ್ತು. ಅದೇ ಆ ರೋಗದ ಕ್ರೂರತನ. ನನ್ನ ಕೈ ಹಿಡಿದು ಏನೋ ಹೇಳಲು ನೋಡಿದಳು. ಬಿಗಿದ ಹಲ್ಲುಗಳ ನಡುವಿನಿಂದ ಮಾತು ಬರಲಿಲ್ಲ. ಊರಿಗೆಲ್ಲ ಕೇಳುವ ದನಿಯಿದ್ದ ಹೆಂಗಸು, ತಮ್ಮನಿಗೆ ಕಡೆಯ ಒಂದು ಮಾತು ಹೇಳಲಾರದೆ, ಅಮೀನಗಡ ದಾಟಿದ ಮೇಲೆ ಸತ್ತಳು.

ಎರಡನೆಯ ತಾರೀಖಿನಂದು ನಾನೂ ರಾಚಪ್ಪನೂ ಕೋರ್ಟಿಗೆ ಹೋದೆವು. ಜವಾನ ಬಾಗಿಲಲ್ಲಿ ನಿಂತು, "ಆರೋಪಿ ಗುರುಲಿಂಗವ್ವಾ" ಎಂದು ಕೂಗಿದ. ರಾಚಪ್ಪ ಮೆತ್ತಗಿನ ಮನುಷ್ಯ, ಜೀವಮಾನದಲ್ಲಿ ಯಾರಿಗೂ ಎದುರಾಡಿದವನಲ್ಲ. ಎದ್ದು ಕೈಮುಗಿದು, "ಆಕಿ ಬರೂದಿಲ್ರಿ. ನಿಮ್ಮ ಸರಕಾರದ ಕೆಲಸಕ್ಕ ಇನ್ನ ಆಕಿ ಅಡ್ಡಿ ಮಾಡೂದಿಲ್ರಿ," ಎಂದ. ನ್ಯಾಯಾಧೀಶರು ಕನ್ನಡಕ ತೆಗೆದರು. ಅವಳ ಮೇಲಿನ ಪ್ರಕರಣ ಮುಗಿಯಿತು. ಖಾದರಬಾಷಾನ ಮೇಲಿನದು ಇನ್ನೂ ನಡೆದಿದೆ.

ಮಾನ್ಯರೇ, ನಿಮ್ಮ ಭಾಷಣದಲ್ಲಿ ಆರೋಗ್ಯವೇ ಭಾಗ್ಯ ಎಂದಿರಿ. ಆರೋಗ್ಯ ಎಂದರೆ ನೀವು ದವಾಖಾನೆ ಎಂದು ತಿಳಿದಿದ್ದೀರಿ. ನನ್ನ ಅಕ್ಕನನ್ನು ಕೊಂದದ್ದು ದವಾಖಾನೆಯೊಂದೇ ಅಲ್ಲ. ಉರುವಲು ಕಸಿದುಕೊಂಡ ಅರಣ್ಯದವರು, ಗೋಡೆ ಕೆಡವಿದ ಎಂಜಿನಿಯರರು, ತೋಳು ಎಳೆದ ಪೊಲೀಸರು, ಕರೆಂಟು ಕೊಡದ ಮಂಡಳಿ, ತಗ್ಗು ಮುಚ್ಚದ ರಸ್ತೆಯವರು, ಎಲ್ಲರೂ ಒಂದೊಂದು ಕೈ ಹಚ್ಚಿದರು. ಅವರಲ್ಲಿ ಯಾರನ್ನು ಹಿಡಿದು ಕೇಳಿದರೂ ಸಾವು ತಮ್ಮ ಖಾತೆಗೆ ಸೇರಿದ್ದಲ್ಲ ಎನ್ನುತ್ತಾರೆ. ಹೌದು, ಸೇರಿದ್ದಲ್ಲ. ಆದರೆ ಅವರೆಲ್ಲರ ಮೇಲೆ ಒಂದೇ ಕುರ್ಚಿ ಇದೆ. ಅವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂಡಿಸಿ, ಈ ಆದೇಶದಿಂದ ಯಾರ ಮೈಗೆ ಏನಾದೀತು ಎಂದು ಕೇಳಬಲ್ಲ ಮನುಷ್ಯ ಜಿಲ್ಲೆಯಲ್ಲಿ ಒಬ್ಬನೇ. ನೀವು ಅವರನ್ನು ಕೂಡಿಸಿದಿರಿ, ಆದರೆ ಬೇರೆ ಕೆಲಸಕ್ಕೆ.

ನಿಮ್ಮನ್ನು ಕ್ಷಮಿಸೆಂದು ಹಿರಿಯರು ನನಗೆ ಹೇಳಿದ್ದಾರೆ. ಮಠದ ಸ್ವಾಮಿಗಳೂ ಹೇಳಿದರು. ಅವರ ಪಾದಕ್ಕೆ ನಮಸ್ಕಾರ ಮಾಡಿ, ಆಗದು ಎಂದು ಹೇಳಿ ಬಂದಿದ್ದೇನೆ. ನೀವು ಊಟಕ್ಕೆ ಕೂತಾಗ ದವಡೆ ತೆರೆಯುವ ಮೊದಲು ಒಮ್ಮೆ ನನ್ನ ಅಕ್ಕ ನೆನಪಾಗಲಿ ಎಂಬುದೇ ಈಗ ನನ್ನ ನಿತ್ಯದ ಪೂಜೆ.

ಇನ್ನು ಬೇಡಿಕೆ. ಕಳೆದ ವಾರ ಕವಳಿಹಾಳದ ಹೆಂಗಸರು ಮೆಟ್ಟಿಲಿನ ಬಾಯಿಯನ್ನು ಮತ್ತೆ ಮುಚ್ಚಿದ್ದಾರೆ. ಖಾದರಬಾಷಾ ಮೇಲೆ ಕೇಸು ಇದ್ದರೂ ಅವನೇ ಕಟ್ಟಿದ. "ಹೋದ ಸಲ ಮಣ್ಣಾಗ ಕಟ್ಟಿದ್ನಿ, ಈ ಸಲ ಸಿಮೆಂಟಿನ್ಯಾಗ ಕಟ್ಟೇನ್ರಿ, ಅವರ ಹಾರಿ ಮುರೀಲಿ," ಎಂದ. ಮಾಯವ್ವ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ದಿನವೂ ಅಲ್ಲಿ ಕೂರುತ್ತಾಳೆ. ಸಾಹೇಬರು ಬಂದರೆ ಏನು ಹೇಳುತ್ತೀ ಎಂದು ಕೇಳಿದೆ. "ಗುರುಲಿಂಗಕ್ಕನ ಹೆಸರ ಹೇಳಿ ಒಳಗ ಬರ್ರಿ ಅಂತೇನಿ," ಎಂದಳು. ನೀವು ಬರಬೇಕು. ಕೆಡವಲು ಬಂದ ಅಷ್ಟೂ ಇಲಾಖೆಗಳನ್ನು ಕರೆದುಕೊಂಡು ಬರಬೇಕು. ಒಯ್ದ ಗಡಗಡಿಯನ್ನು ಅವರ ಕೈಯಿಂದಲೇ ಕಟ್ಟಿಸಬೇಕು. ಗುರುಲಿಂಗವ್ವನ ಮೇಲೆ ಹಾಕಿದ ಕೇಸು ತಪ್ಪು ಎಂದು ಆ ಹೆಂಗಸರ ಎದುರು, ಧ್ವನಿವರ್ಧಕವಿಲ್ಲದೆ, ಬರಿಯ ಬಾಯಿಯಿಂದ ಹೇಳಬೇಕು. ಗೌಂಡಿಯ ಮೇಲಿನದನ್ನು ಹಿಂದೆಗೆದುಕೊಳ್ಳಬೇಕು. ತಾಲೂಕಿನಲ್ಲಿ ಇಂಥ ಬಾವಿಗಳು ಇನ್ನೆಷ್ಟೋ ಇವೆ; ಮುಂದಿನ ಬೇಸಿಗೆಯೊಳಗೆ ಅವುಗಳಲ್ಲಿ ಯಾರ ಕಾಲೂ ಇಳಿಯದಂತೆ ಮಾಡಬೇಕು.

ಬಾರದೆ ಇದ್ದರೆ, ಅಥವಾ ಮತ್ತೆ ಕೆಡವಲು ಬಂದರೆ, ಕೇಳಿ. ಈ ಪತ್ರ ನಾಳೆ ಇಳಕಲ್ಲ, ಹುನಗುಂದ, ಬಾಗಲಕೋಟೆ, ಬಾದಾಮಿಯ ಬಸ್ ನಿಲ್ದಾಣಗಳ ಗೋಡೆಯ ಮೇಲಿರುತ್ತದೆ. ನಿಮಗೆ ಬೇಗ ವರ್ಗವಾಗಬಹುದು, ಬಡ್ತಿಯೂ ಸಿಗಬಹುದು. ಯಾವ ಊರಿಗೆ ಹೋದರೂ ನಿಮ್ಮ ಸಾಮಾನು ಇಳಿಯುವ ಮೊದಲು ಅಲ್ಲಿಗೆ ಇದು ತಲುಪಿರುತ್ತದೆ. ನಿಮ್ಮ ಮಗಳ ಲಗ್ನದ ಚಪ್ಪರದ ಎದುರಿನ ಗೋಡೆಯ ಮೇಲೆ ಇರುತ್ತದೆ. ನೀವು ನಿವೃತ್ತರಾಗಿ ಬೆಳಗಿನ ತಿರುಗಾಟಕ್ಕೆ ಹೊರಟ ದಾರಿಯಲ್ಲಿ ಇರುತ್ತದೆ. ಮಳೆಗೆ ತೊಯ್ದು ಹರಿದರೆ ಮತ್ತೆ ಅಚ್ಚು ಹಾಕುತ್ತೇನೆ. ನನಗಿನ್ನೂ ನಲವತ್ತು ದಾಟಿಲ್ಲ.

ಇಂತಿ,
ತಮ್ಮ ವಿಧೇಯನೆಂದು ಬರೆಯಲು ಕೈ ಬಾರದ,
ಗುರುಲಿಂಗವ್ವನ ತಮ್ಮ ಅಂದಾನಪ್ಪ
ಇಳಕಲ್ಲ